ಕೂದಲು ನುಂಗುವ ತಾಮ್ರದ ಪೆಟ್ಟಿಗೆ

ಬಹಳ ಬಹಳ ಕಾಲದ ಹಿಂದೆ, ಹುಲಿ ಕರಡಿಗಳೂ ನಮ್ಮಂತೆಯೇ ಮಾತಾಡುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಕೋಟೆಬಾಗಿಲ ಪಕ್ಕದ ಹೊಂಗೆಮರದ ಕೆಳಗೆ ಓಬಯ್ಯನೆಂಬ ಕ್ಷೌರಿಕನ ಕಟ್ಟೆ. ರಾಜನಿಗೂ ಅದೇ ಕಟ್ಟೆ, ರಾಗಿ ಹೊರುವವನಿಗೂ ಅದೇ ಕಟ್ಟೆ.

ಆ ಕಟ್ಟೆಯ ಸೊಗಸನ್ನು ಏನೆಂದು ಹೇಳಲಿ! ಒಬ್ಬರ ಕ್ಷೌರ ಮುಗಿದ ಕೂಡಲೇ ಕತ್ತಿಯನ್ನು ಬೇವಿನೆಲೆ ಹಾಕಿದ ನೀರಿನಲ್ಲಿ ಮೂರು ಕುದಿ ಕುದಿಸಬೇಕು, ಬೂದಿಯಲ್ಲಿ ಉಜ್ಜಬೇಕು, ಬಿಸಿಲಿಗೆ ಹಿಡಿದು ಆರಿಸಬೇಕು. ಬಿದ್ದ ಕೂದಲನ್ನು ಒಂದೆಳೆಯೂ ಬಿಡದೆ ಆರಿಸಿ, ಅವರ ಕಣ್ಣೆದುರೇ ಹೊಂಗೆಯ ಬುಡದಲ್ಲಿ ಹೂಳಬೇಕು. ಅಲ್ಲಿಯತನಕ ಮುಂದಿನವರು ಕಾಯುತ್ತಾ ಕೂತು ಹರಟುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಎಮ್ಮೆ ತಪ್ಪಿಸಿಕೊಂಡಿತು, ಎಲ್ಲ ಸುದ್ದಿಯೂ ಅಲ್ಲೇ. ನಾನು ಆಗ ಹುಟ್ಟಿರಲೇ ಇಲ್ಲ, ಆದರೂ ಆ ಬೇವಿನ ಹಬೆಯ ವಾಸನೆ ಈಗಲೂ ಮೂಗಿಗೆ ಬಡಿದಂತಾಗುತ್ತದೆ.

ತೊಳೆಯುವ ಕೆಲಸ ಓಬಯ್ಯನ ಮಗಳು ಮಲ್ಲಾಜಿಯದು. ಹತ್ತೊಂಬತ್ತರ ಹುಡುಗಿ. ಪ್ರತಿ ಗಲ್ಲಕ್ಕೆ ಕತ್ತಿ ಇಡುವ ಮುಂಚೆ ಅಪ್ಪ ಕೇಳುತ್ತಿದ್ದ, "ತೊಳೆದೆಯಾ, ಮಲ್ಲಾಜಿ?" ಅವಳು ಹೇಳುತ್ತಿದ್ದಳು, "ತೊಳೆದೆ, ಅಪ್ಪ." ದಿನಕ್ಕೆ ನಲವತ್ತು ಸಲ ಇದೇ ಪ್ರಶ್ನೆ, ಇದೇ ಉತ್ತರ. ಬೆರಳೆಲ್ಲ ಬೊಬ್ಬೆಯಾಗಿದ್ದ ಮಲ್ಲಾಜಿಗೆ ಆ ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು.

ಒಂದು ದಿನ ಧೂಮ್ರಜಟಿ ಎಂಬ ಮಾಂತ್ರಿಕ ಊರಿಗೆ ಬಂದ. ಗಡ್ಡ ಮಂಡಿಗೆ ತಾಗುತ್ತಿತ್ತು. ಅವನ ಕೈಯಲ್ಲೊಂದು ಪುಟ್ಟ ತಾಮ್ರದ ಪೆಟ್ಟಿಗೆ.

"ಕತ್ತಿ ಹಾಕು, ಮುಚ್ಚಳ ಮುಚ್ಚು, ಮೂರು ಎಣಿಸು," ಎಂದ.

ಮಲ್ಲಾಜಿ ಮೂರು ಎಣಿಸಿದಳು. ತೆಗೆದರೆ ಕತ್ತಿ ಫಳಫಳ, ಬಿಸಿಬಿಸಿ. ಬಾಚಣಿಗೆ ಹಾಕಿದರೂ ಹಾಗೆಯೇ. ಕೂದಲು ಸುರಿದರೆ ಕೂದಲೂ ಮಾಯ!

"ಇದಕ್ಕೆ ಏನು ಕೊಡಬೇಕು ಸ್ವಾಮಿ?"

"ಏನೂ ಬೇಡ ತಾಯಿ. ಕೆಲಸ ಮುಗೀತಾ? ಪೆಟ್ಟಿಗೆಗೆ ಹಾಕು. ಅಷ್ಟು ಮಾಡು ಸಾಕು."

ಬೀದಿಬೀದಿಯಲ್ಲೂ ಪೆಟ್ಟಿಗೆ ಹಂಚುತ್ತಾ, ಕಂಡಕಂಡವರಿಗೆಲ್ಲ ಅದನ್ನೇ ಹೇಳಿದ. "ಕೆಲಸ ಮುಗೀತಾ? ಪೆಟ್ಟಿಗೆಗೆ ಹಾಕು."

ಓಬಯ್ಯ ಹುಬ್ಬು ಗಂಟಿಕ್ಕಿದ. "ಅಲ್ಲಮ್ಮಾ, ಹೋದ ಕೂದಲು ಎಲ್ಲಿಗೆ ಹೋಯ್ತು?"

"ಎಲ್ಲಿಗೋ ಹೋಯ್ತು ಬಿಡಪ್ಪ! ನನ್ನ ಕೈ ನೋಡು ಒಂದ್ಸಲ."

ಮಗಳ ಬೊಬ್ಬೆ ನೋಡಿ ಓಬಯ್ಯ ತಾನೇ ಕತ್ತಿಯನ್ನು ಪೆಟ್ಟಿಗೆಗೆ ಹಾಕಿದ. ಕೆಲಸ ಬೇಗ ಆಯಿತು. ಕಾಯುವವರಿಲ್ಲ, ಹರಟುವವರಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ರಾಜ ರಾಣಿಯನ್ನು ಮರೆತ, ತಾಯಂದಿರು ಮಕ್ಕಳನ್ನು ಮರೆತರು. ಒಂದು ಬೆಳಗ್ಗೆ ಓಬಯ್ಯ ಮಗಳ ಮುಖ ನೋಡಿ, "ಯಾರಮ್ಮ ನೀನು? ಯಾರ ಮನೆ ಮಗು?" ಎಂದ.

ಮಲ್ಲಾಜಿ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಂಡ.

"ಹುಣ್ಣಿಮೆಗೆ ಗವಿಬೆಟ್ಟಕ್ಕೆ ಹೋಗಬೇಕು. ಧೂಮ್ರಜಟಿ ಧಣಿ ಕರೀತಾವ್ರೆ. ಇನ್ನು ಅಲ್ಲೇ ಚಾಕರಿ," ಎಂದು ಓಬಯ್ಯ ಗಂಟು ಕಟ್ಟತೊಡಗಿದ. ಊರಿಗೆ ಊರೇ ಅದನ್ನೇ ಹೇಳುತ್ತಿತ್ತು. ಹುಣ್ಣಿಮೆಗೆ ಉಳಿದದ್ದು ಮೂರೇ ದಿನ. ಮರೆಯದವಳು ಮಲ್ಲಾಜಿ ಒಬ್ಬಳೇ. ಅಜ್ಜಿಯ ಉದ್ದನೆಯ ಮರದ ಬಾಚಣಿಗೆ ಪೆಟ್ಟಿಗೆಯಲ್ಲಿ ಹಿಡಿಸದ ಕಾರಣ ಅವಳು ಅದನ್ನು ಕೈಯಲ್ಲೇ ತೊಳೆದು, ತನ್ನ ಉದುರಿದ ಕೂದಲನ್ನು ತಾನೇ ಹೂಳುತ್ತಿದ್ದಳು. ಅವಳ ಒಂದೆಳೆಯೂ ಪೆಟ್ಟಿಗೆಗೆ ಬಿದ್ದಿರಲಿಲ್ಲ. ತಾನೇ ತಂದುಕೊಂಡ ಪೆಟ್ಟಿಗೆ ತನ್ನಪ್ಪನನ್ನು ನುಂಗಿತಲ್ಲ ಎಂದು ಅತ್ತಳು. ಆಮೇಲೆ ಬಾಚಣಿಗೆ, ಉಗುರುಗತ್ತಿ, ಅಪ್ಪನ ಕ್ಷೌರದ ಕತ್ತಿ, ಒಂದು ಕುಡಿಕೆ, ಒಂದು ಹಿಡಿ ಬೇವಿನೆಲೆ ಕಟ್ಟಿಕೊಂಡು ಗವಿಬೆಟ್ಟಕ್ಕೆ ಹೊರಟಳು.

ಮೊದಲನೇ ದಿನ ಒಂದು ಕರಡಿ ಅಡ್ಡ ನಿಂತಿತು. ಜಡೆಗಟ್ಟಿದ ಕೂದಲು ಕಣ್ಣನ್ನೇ ಮುಚ್ಚಿತ್ತು.

"ಬಾಚಿದರೆ ದಾರಿ. ಬಾಚದಿದ್ದರೆ ನೀನೇ ಊಟ."

ಮಲ್ಲಾಜಿ ಒಲೆ ಹೂಡಿ ನೀರಿಟ್ಟಳು. ಕರಡಿ ಗುರುಗುಟ್ಟಿತು, "ಬೇಗ!"

"ಕಾಯಬೇಕು ಕರಡಿಯಣ್ಣ. ನಮ್ಮಪ್ಪನ ಕಟ್ಟೆಯಲ್ಲಿ ರಾಜರೇ ಕಾಯ್ತಿದ್ರು."

ರಾಜನೇ ಕಾಯುತ್ತಿದ್ದನೆಂದ ಮೇಲೆ ಕರಡಿಯೂ ಕೂತಿತು. ಕೂತ ಮೇಲೆ ಮಾತು ಬಂತು. ತಾಯಿ ನೆಕ್ಕಿಸಿದ ಮೊದಲ ಜೇನಿನ ಕತೆ ಹೇಳಿತು. ಮೂರು ಕುದಿ ಬಂದ ಮೇಲೆ ಅವಳು ಬಾಚಿದಳು. ಕರಡಿ ಬೆಳಕು ಕಂಡಿತು, ದಾರಿ ಬಿಟ್ಟಿತು.

ಎರಡನೇ ದಿನ ಒಂದು ಹುಲಿ. ಉಗುರು ಬೆಳೆದು ಅದರ ಪಾದಕ್ಕೇ ನೆಟ್ಟಿತ್ತು. "ಕತ್ತರಿಸಿದರೆ ದಾರಿ. ಕತ್ತರಿಸದಿದ್ದರೆ ನೀನೇ ಊಟ."

ಮಲ್ಲಾಜಿ ಮತ್ತೆ ನೀರಿಟ್ಟಳು. ಹುಲಿಯೂ ಕಾಯಿತು, ಕಾಯುತ್ತಾ ಗುಟ್ಟು ಹೇಳಿತು. "ಮಾಂತ್ರಿಕನ ಮನೆಯಲ್ಲಿ ತಾಯಿಪೆಟ್ಟಿಗೆ ಇದೆ. ಊರಿನ ಕೂದಲೆಲ್ಲ ಅದರ ಹೊಟ್ಟೆಗೇ ಬಂದು ಬೀಳೋದು. ನನ್ನ ಮೀಸೆಯೂ ಅಲ್ಲೇ ಇದೆ. ಅದರ ಮುಚ್ಚಳದ ಮೇಲೆ ಯಾರ ಕೈ ಇರುತ್ತೋ, ಅವರು ಹೇಳಿದ್ದನ್ನ ಆ ಕೂದಲಿನವರು ಕೇಳಲೇಬೇಕು." ಮಲ್ಲಾಜಿ ಉಗುರು ಕತ್ತರಿಸಿದಳು. ಹುಲಿ ದಾರಿ ಬಿಟ್ಟಿತು.

ಮೂರನೇ ದಿನ ಗವಿಬೆಟ್ಟದ ಮನೆಯೊಳಗೆ ಧೂಮ್ರಜಟಿಯೇ ಎದುರಾದ. ಪಾಪ, ಗಡ್ಡ ಕೆರೆದೂ ಕೆರೆದೂ ಗಲ್ಲವೆಲ್ಲ ಹುಣ್ಣು. ತನ್ನ ಕೂದಲು ಪರರ ಕೈಗೆ ಸಿಕ್ಕೀತೆಂಬ ಭಯಕ್ಕೆ ಹನ್ನೆರಡು ವರ್ಷ ಯಾರಿಂದಲೂ ಕ್ಷೌರ ಮಾಡಿಸಿಕೊಂಡಿರಲಿಲ್ಲ.

"ನಮ್ಮಪ್ಪನನ್ನ ಬಿಡಿ," ಎಂದಳು ಮಲ್ಲಾಜಿ.

"ಕ್ಷೌರ ಮಾಡು, ನೋಡೋಣ. ಕೂದಲು ಮಾತ್ರ ಒಂದೆಳೆಯೂ ಬಿಡದೆ ನನ್ನ ಕೈಗೇ ಕೊಡಬೇಕು."

"ಒಂದೆಳೆಯೂ ಬಿಡದಿರೋದು ನಮ್ಮ ಕಟ್ಟೆಯ ಪದ್ಧತಿಯೇ, ಸ್ವಾಮಿ."

ನೀರು ಮೂರು ಕುದಿ ಬಂತು. ಕತ್ತಿ ಆಡಿತು. ಉದುರಿದ ಕೂದಲನ್ನೆಲ್ಲ ಆರಿಸಿ ಅವನ ಮಡಿಲಿಗೆ ಹಾಕಿದಳು. ಹನ್ನೆರಡು ವರ್ಷದ ನವೆ ಒಮ್ಮೆಲೇ ಹೋಗಿದ್ದಕ್ಕೆ ಮಾಂತ್ರಿಕನಿಗೆ ಸ್ವರ್ಗವೇ ಸಿಕ್ಕಂತಾಯಿತು. ಕಣ್ಣು ಮುಚ್ಚಿ, ನುಣ್ಣನೆಯ ಗಲ್ಲ ಸವರಿಕೊಳ್ಳುತ್ತಾ, ಸಾವಿರ ಸಲ ಹೇಳಿದ್ದ ಮಾತನ್ನೇ ರೂಢಿಯ ಮೇಲೆ ಹೇಳಿಬಿಟ್ಟ.

"ಕೆಲಸ ಮುಗೀತಾ? ಪೆಟ್ಟಿಗೆಗೆ ಹಾಕು."

ಕತ್ತಿಯ ಅಂಚಿನಲ್ಲಿ ಅವನದೇ ಎರಡು ಬಿಳಿ ಎಳೆ ಅಂಟಿದ್ದವು. ಆ ಮನೆಯಲ್ಲಿದ್ದ ಪೆಟ್ಟಿಗೆ ಒಂದೇ, ತಾಯಿಪೆಟ್ಟಿಗೆ. ಮಲ್ಲಾಜಿ ಕತ್ತಿ ಹಾಕಿದಳು, ಮುಚ್ಚಳ ಮುಚ್ಚಿದಳು, ಮೂರು ಎಣಿಸಿದಳು. ಕೈ ತೆಗೆಯಲಿಲ್ಲ.

ಧೂಮ್ರಜಟಿ ಕಣ್ಣು ಬಿಟ್ಟು ಹಾರಿ ಬಂದ.

"ಕೂತ್ಕೊಳ್ಳಿ," ಎಂದಳು. ಅವನು ಕೂತ.

ಆ ಕ್ಷಣ ಅವಳು ಬೇಕೆಂದಿದ್ದರೆ ರಾಜ್ಯವನ್ನೇ ಆಳಬಹುದಿತ್ತು. 'ಅಪ್ಪಾ, ನನ್ನ ಹೆಸರು ಹೇಳು' ಎಂದಿದ್ದರೆ ಅಪ್ಪ ಹೇಳುತ್ತಿದ್ದ. ಆದರೆ ಹೇಳಿಸಿಕೊಂಡ ಹೆಸರು ಅವಳಿಗೆ ಬೇಡವಾಗಿತ್ತು. "ಊರಿನವರೆಲ್ಲ ಊರಲ್ಲೇ ಇರಿ. ಸ್ವಾಮಿ, ನೀವು ಎಲ್ಲರ ಕೂದಲೂ ಹೊತ್ತು ಹೊಂಗೆಮರಕ್ಕೆ ನಡೀರಿ. ಇನ್ನು ಮಾಟ ಮಾಡಬೇಡಿ," ಎಂದಳಷ್ಟೆ.

ಹೊಂಗೆಯ ಬುಡದಲ್ಲಿ ಹಿಡಿಹಿಡಿಯಾಗಿ ಹೂಳುತ್ತಿದ್ದಂತೆ ಒಬ್ಬೊಬ್ಬರಿಗೇ ನೆನಪು ಬಂತು. ರಾಜ ರಾಣಿಯನ್ನು ಕೂಗಿದ. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು. ಓಬಯ್ಯ ಮಾತ್ರ ಇನ್ನೂ ಗಂಟು ಹಿಡಿದೇ ನಿಂತಿದ್ದ.

ಮಲ್ಲಾಜಿ ಒಲೆ ಹೂಡಿದಳು, ನೀರಿಟ್ಟಳು, ಬೇವಿನೆಲೆ ಹಾಕಿದಳು. ಹಬೆ ಎದ್ದಿತು. ಓಬಯ್ಯ ಮೂಗು ಅರಳಿಸಿದ, ಗಂಟು ಕೆಳಗಿಟ್ಟ, ಕಟ್ಟೆ ಹತ್ತಿ ಕೈ ಚಾಚಿದ.

"ತೊಳೆದೆಯಾ, ಮಲ್ಲಾಜಿ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ತೊಳೆದೆ, ಅಪ್ಪ."

ಊರಿನವರು ಪೆಟ್ಟಿಗೆಗಳನ್ನು ಎಸೆಯಲಿಲ್ಲ. ಒಳಗೆ ಹೋದದ್ದು ಕಾಣುವ ಹಾಗೆ ತಳಕ್ಕೊಂದು ಬಾಗಿಲು ಇಡಿಸಿ, ಅವಸರವಿದ್ದವರಿಗೆ ಬಳಸಿಕೊಂಡರು. ಧೂಮ್ರಜಟಿ ಕಟ್ಟೆಗೆ ನೀರು ಹೊತ್ತ. ಕಂಚಿನಕೋಟೆಯ ಜನ ಉಂಡುಟ್ಟು, ಹರಟಿ, ನೂರು ವರ್ಷ ಸುಖವಾಗಿ ಬಾಳಿದರು. ಓಬಯ್ಯ ದಿನಕ್ಕೆ ನಲವತ್ತು ಸಲ ಅದೇ ಪ್ರಶ್ನೆ ಕೇಳಿದ. ಅವನು ಮರೆತ ದಿನ ಮಲ್ಲಾಜಿಯೇ ನೆನಪಿಸುತ್ತಿದ್ದಳು, "ಕೇಳಪ್ಪ."