ಎರಡನೇ ನೌಕೆಯ ದಾರಿ

1975ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 8.40ಕ್ಕೆ ಪಸಾಡೆನಾ ಪೊಲೀಸ್ ಠಾಣೆಗೆ ದೂರವಾಣಿಯಲ್ಲಿ ದೂರು ಬಂತು. ಬೆಟ್ಟದಡಿಯ ಅರೋಯೊ ಪ್ರಯೋಗಾಲಯದಿಂದ ರಂಧ್ರ ಕೊರೆದ ಕಂಪ್ಯೂಟರ್ ಕಾರ್ಡುಗಳಿದ್ದ ಉದ್ದನೆಯ ಪೆಟ್ಟಿಗೆಯೊಂದು ಕಳುವಾಗಿದೆ. ಕಾರ್ಡುಗಳ ಸಂಖ್ಯೆ 2,016. ದೂರುದಾರರು ವರ್ನಾ ಹಾಲ್ವರ್ಸನ್, ವಯಸ್ಸು 58, ಉಡಾವಣಾ ವೇಳಾಪಟ್ಟಿ ವಿಭಾಗ.

"ರಟ್ಟಿನ ಚೂರಿಗೆಲ್ಲ ನಾವು ಹೋಗ್ಬೇಕಾ ಸಾರ್?" ಪೇದೆ ಪರ್ವಿಸ್ ಕೇಳಿದ.

"ದೂರು ಅಂದ್ರೆ ದೂರು. ಆ ಡೋನಟ್ ಬಾಯಿಗೆ ಹಾಕ್ಕೊಂಡು ಕಾರ್ ತೆಗಿ," ಎಂದರು ಇನ್‌ಸ್ಪೆಕ್ಟರ್ ಲಾಯ್ಡ್ ಬೆಸೆರಾ.

9.25ಕ್ಕೆ ಸ್ಥಳ ಮಹಜರು ಶುರುವಾಯಿತು. ಕೋಣೆಯ ಬೀಗ ಮುರಿದಿರಲಿಲ್ಲ, ಕಿಟಕಿಗಳ ಚಿಲಕ ಹಾಕಿದ ಹಾಗೇ ಇತ್ತು. ಕಪಾಟಿನಲ್ಲಿ ಒಂದು ಪೆಟ್ಟಿಗೆಯ ಜಾಗ ಮಾತ್ರ ಖಾಲಿ. ವರ್ನಾ ಎತ್ತರದ ಹೆಂಗಸು. ಯಂತ್ರಗಳು ಬರುವ ಮೊದಲು ಪೆನ್ಸಿಲಿನಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿ ಮೂವತ್ತು ವರ್ಷವಾಗಿತ್ತು. ಮುಖ ಬಿಳಿಚಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ಆ ಕಾರ್ಡುಗಳಲ್ಲಿ ಏನಿದೆ ಮೇಡಂ?"

"ಎರಡು ನೌಕೆ ಹೊರಡೋ ದಿನ, ಗಂಟೆ, ನಿಮಿಷ. ನೌಕೇಲಿ ಜನ ಇರಲ್ಲ, ಯಂತ್ರ ಅಷ್ಟೆ. ಅದು ಗುರುಗ್ರಹದ ಪಕ್ಕದಲ್ಲಿ ಹಾದು ಹೋಗತ್ತೆ, ಗುರು ಅದನ್ನ ಕವಣೆ ಕಲ್ಲಿನ ಹಾಗೆ ಶನಿ ಕಡೆ ಬೀಸತ್ತೆ. ಅಲ್ಲಿಗೆ ಸರಿಯಾದ ಗಳಿಗೇಲಿ ಮುಟ್ಬೇಕು ಅಂದ್ರೆ ಇಲ್ಲಿಂದ ಸರಿಯಾದ ಗಳಿಗೇಲಿ ಹೊರಡ್ಬೇಕು. ದಿನಕ್ಕೆ ಒಂದು ಗಂಟೆ ಬಾಗಿಲು ತೆಗೆದಿರತ್ತೆ."

"ಆ ಗಂಟೆ ತಪ್ಪಿದ್ರೆ?"

"ಮರುದಿನ. ಮರುದಿನಕ್ಕೆ ಭೂಮಿ ಬೇರೆ ಜಾಗದಲ್ಲಿರತ್ತೆ, ಗುರು ಬೇರೆ ಜಾಗದಲ್ಲಿರತ್ತೆ. ಎಲ್ಲಾ ಹೊಸ ಲೆಕ್ಕ. ಹಾಗೆ ಮೂವತ್ತು ದಿನ."

"ಮೂವತ್ತೂ ತಪ್ಪಿದ್ರೆ?"

"ಇನ್ನೊಂದೆರಡು ವರ್ಷ ಹೇಗೋ ಎಳೀಬಹುದು. ಆಮೇಲೆ ಹೊರಗಿನ ನಾಲ್ಕೂ ಗ್ರಹ ಹೀಗೆ ಸಾಲಾಗಿ ಸಿಗೋಕೆ ನೂರ ಎಪ್ಪತ್ತೈದು ವರ್ಷ ಕಾಯ್ಬೇಕು ಇನ್‌ಸ್ಪೆಕ್ಟರ್."

ಬೆಸೆರಾ ಗೋಡೆಯತ್ತ ನೋಡಿದರು. ಚಾವಣಿಯಿಂದ ನೆಲದವರೆಗೆ ಅಂಟಿಸಿದ ಹಾಳೆಯಲ್ಲಿ ಒಂದೊಂದು ದಿನಕ್ಕೂ ಒಂದೊಂದು ಬಾಗಿದ ಗೆರೆ ಇತ್ತು. ಅಷ್ಟೂ ಗೆರೆಗಳನ್ನು ಒಂದೇ ಕೈ ಎಳೆದಿತ್ತು. ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ನಕಲು?"

"ಮೂರು ವಾರ ಹಳೇದು. ಆಮೇಲಿನ ತಿದ್ದುಪಡಿ ಎಲ್ಲಾ ಆ ಪೆಟ್ಟಿಗೇಲೇ ಇತ್ತು. ಮತ್ತೆ ಮಾಡೋಕೆ ಹನ್ನೊಂದು ದಿನ ಬೇಕು. ವೇಳಾಪಟ್ಟಿ ಶುಕ್ರವಾರ ಮಧ್ಯಾಹ್ನದೊಳಗೆ ಉಡಾವಣಾ ಕೇಂದ್ರಕ್ಕೆ ಮುಟ್ಬೇಕು. ಮುಟ್ಟದಿದ್ರೆ ನಮ್ಮ ಉಡಾವಣಾ ದಿನಗಳು ಬೇರೆಯವರ ಪಾಲು. ಇಡೀ ಯೋಜನೆ ಮತ್ತೆ ಅದನ್ನ ಒಪ್ಪೋ ಸಮಿತಿ ಮುಂದೆ ಚರ್ಚೆಗೆ ಬರತ್ತೆ."

ಬೆಸೆರಾ ಕೊನೆಯ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೀಟು ಹಾಕಿದರು. ಕದ್ದವನಿಗೆ ಕಾರ್ಡು ಬೇಕಿರಲಿಲ್ಲ, ಶುಕ್ರವಾರ ತಪ್ಪಬೇಕಿತ್ತು.

ವರ್ನಾ ಸೋಮವಾರ ಸಂಜೆ ಐದಕ್ಕೆ ಕೋಣೆಗೆ ಬೀಗ ಹಾಕಿದ್ದಳು. ಆ ಬೀಗದ ಕೈ ಇದ್ದವರು ಹದಿನಾಲ್ಕು ಮಂದಿ. ಮುಖ್ಯ ಗೇಟಿನ ಕಾವಲುಗಾರ ಹ್ಯೂಬರ್ಟ್ ಎದೆ ತಟ್ಟಿ ಹೇಳಿದ: "ಐದರ ಮೇಲೆ ಹೊರಗೆ ಹೋದ ಪ್ರತಿ ಕಾರಿನ ಡಿಕ್ಕಿ ತೆಗೆಸಿ ನೋಡಿದೀನಿ ಸಾರ್. ನನ್ನ ಕಣ್ಣು ತಪ್ಪಿಸಿ ಸೊಳ್ಳೇನೂ ಹೋಗಿಲ್ಲ."

ಮಧ್ಯಾಹ್ನ 1.10ಕ್ಕೆ ಕಟ್ಟಡದ ಹಿಂದಿನ ಇಳಿಜಾರಿನಲ್ಲಿ ಪರ್ವಿಸನ ಕೂಗು ಕೇಳಿತು. ಓಕ್ ಮರದ ಕೆಳಗೆ ಜಿಂಕೆಯೊಂದು ನಿಂತು ಏನನ್ನೋ ಅಗಿಯುತ್ತಿತ್ತು. ಪರ್ವಿಸ್ ಅದನ್ನು ಓಡಿಸಿ, ಮೂಲೆ ಕಚ್ಚಿದ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಬಂದ.

"ಸಾಕ್ಷಿ ಸಿಕ್ತು ಸಾರ್. ಅರ್ಧ ಆರೋಪಿ ಹೊಟ್ಟೇಲಿದೆ."

ವರ್ನಾ ನೋಡಿ, "1,147," ಎಂದಳು. ಅದು ಕಳುವಾದ ಪೆಟ್ಟಿಗೆಯದೇ. ಆ ಜಾಗದಲ್ಲಿ ಮಣ್ಣು ಕುಸಿದಿತ್ತು, ಯಾರೋ ಜಾರಿಬಿದ್ದ ಗುರುತಿತ್ತು. ಅಲ್ಲಿಂದ ಕುದುರೆ ಸವಾರರ ಕಾಲುದಾರಿಯೊಂದು ಒಣಹಳ್ಳ ದಾಟಿ ಆಲ್ಟಡೀನಾದ ಮನೆಗಳತ್ತ ಹೋಗುತ್ತಿತ್ತು.

ಬೆಸೆರಾ ಹ್ಯೂಬರ್ಟನ ಬಳಿಗೆ ವಾಪಸ್ ಹೋದರು. "ಇಲ್ಲಿ ಕಾರಿಲ್ಲದೆ ನಡ್ಕೊಂಡು ಮನೆಗೆ ಹೋಗೋರು ಯಾರಿದಾರೆ?"

ಹ್ಯೂಬರ್ಟ್ ನಕ್ಕ. "ಈ ಊರಲ್ಲಾ? ನಡ್ಕೊಂಡಾ?" ಆಮೇಲೆ ನಗು ನಿಂತಿತು. "ಡಾಕ್ಟರ್ ಮ್ಯಾಡಕ್ ಒಬ್ರೇ. ಕಣ್ಣು ಮಂಜಾಗಿದೆ ಅಂತ ಹೋದ ವರ್ಷ ಲೈಸೆನ್ಸ್ ಕಿತ್ಕೊಂಡ್ರು. ಅಯ್ಯೋ, ಅವರಲ್ಲ ಬಿಡಿ ಸಾರ್. ದೇವರಂಥ ಮನುಷ್ಯ."

ಓರಿನ್ ಮ್ಯಾಡಕ್, ವಯಸ್ಸು 71, ಖಗೋಳಜ್ಞ, ಪ್ರಯೋಗಾಲಯದ ಸಲಹೆಗಾರ. ಹದಿನಾಲ್ಕು ಬೀಗದ ಕೈಗಳಲ್ಲಿ ಒಂದು ಅವರ ಹೆಸರಿನಲ್ಲಿತ್ತು. ಶೋಧನಾ ವಾರಂಟ್ ಕೈಗೆ ಬಂದದ್ದು ಬುಧವಾರ ಬೆಳಿಗ್ಗೆ. 10.15ಕ್ಕೆ ಬೆಸೆರಾ ಬಾಗಿಲು ತಟ್ಟಿದರು.

"ತೆಗೆದಿದೆ, ಬನ್ನಿ. ಬಾಗಿಲು ಮೆಲ್ಲಗೆ ಮುಚ್ಚಿ, ಗಾಳಿ ಬಂದ್ರೆ ಹಾರ್ತವೆ," ಒಳಗಿನಿಂದ ದನಿ ಬಂತು.

ಊಟದ ಮೇಜು, ಸೋಫಾ, ನೆಲ, ಎಲ್ಲೆಲ್ಲೂ ಸಾಲುಸಾಲು ಕಾರ್ಡುಗಳು. ನಡುವೆ ಮೊಣಕಾಲೂರಿ ಕೂತಿದ್ದ ಮುದುಕರ ಕೈಯಲ್ಲಿ ಭೂತಗನ್ನಡಿ, ಮೊಣಕೈಯಲ್ಲಿ ತರಚು ಗಾಯ.

"ಪೆಟ್ಟಿಗೆ ತಂದವರು ಯಾರು?"

"ನಾನೇ. ಸೋಮವಾರ, ಐದೂಮುಕ್ಕಾಲಿಗೆ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಇಳಿಜಾರಲ್ಲಿ ಬಿದ್ದೆ, ಎಲ್ಲಾ ಚೆಲ್ಲಾಪಿಲ್ಲಿ ಆಯ್ತು. ನಿನ್ನೆಯಿಂದ ಜೋಡಿಸ್ತಾ ಇದೀನಿ. ಒಂದು ಮಾತ್ರ ಸಿಗ್ತಿಲ್ಲ."

"1,147. ನಮ್ಮ ಹತ್ರ ಇದೆ."

ಮುದುಕರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಸದ್ಯ."

"ಹಾಳು ಮಾಡೋಕೆ ತಂದವರು ಜೋಡಿಸೋದ್ಯಾಕೆ ಡಾಕ್ಟ್ರೇ?"

ಮ್ಯಾಡಕ್ ಭೂತಗನ್ನಡಿಯಿಂದ ಗೋಡೆಯತ್ತ ತೋರಿಸಿದರು. ಅಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರಗಳಿದ್ದವು. ಎಲ್ಲದರಲ್ಲೂ ಒಂದೇ ನೀಲಿ ಚುಕ್ಕೆ. ಕೆಳಗೆ 1932ರಿಂದ ಈಚಿನ ತಾರೀಖುಗಳು.

"ನೆಪ್ಚೂನ್. ನಲವತ್ತಮೂರು ವರ್ಷ ನೋಡಿದೀನಿ, ಇಷ್ಟೇ ಕಂಡಿರೋದು. ನೌಕೆ ಶನಿಯ ದೊಡ್ಡ ಚಂದ್ರನ ಹತ್ರ ಹೋಗಿ ಮುಗೀಲಿ, ಮುಂದೆ ಬೇಡ ಅಂತ ಸಮಿತಿ ತೀರ್ಮಾನ ಮಾಡ್ತು. ಶುಕ್ರವಾರ ತಪ್ಪಿದ್ರೆ ಮತ್ತೆ ಚರ್ಚೆಗೆ ಬರತ್ತೆ, ಆಗ ನೆಪ್ಚೂನ್ ಪರ ವಾದ ಮಾಡೋಣ ಅಂದ್ಕೊಂಡೆ. ಆದ್ರೆ ಜೋಡಿಸೋಕೆ ಕೂತಾಗ ಒಂದೊಂದನ್ನೂ ಓದ್ಬೇಕಾಯ್ತು." ಅವರು ಮೇಜಿನ ಒಂದು ಸಾಲನ್ನು ಬೆರಳ ತುದಿಯಿಂದ ಮುಟ್ಟಿದರು. "ಇವು ಎರಡನೇ ನೌಕೆಯವು. ಯಾವ ದಿನ ಹೊರಟ್ರೂ, ಮೊದಲನೇ ನೌಕೆ ಆ ಚಂದ್ರನ ಕೆಲಸ ಮುಗಿಸಿದ್ರೆ, ಇದನ್ನ ಯುರೇನಸ್‌ಗೂ ನೆಪ್ಚೂನ್‌ಗೂ ತಿರುಗಿಸಬಹುದು. ಹಾಗೆ ಒಂದೊಂದು ನಿಮಿಷಾನೂ ತೂಗಿ ಇಟ್ಟಿದಾಳೆ ವರ್ನಾ. ಎಂಥಾ ಕೆಲಸ! ನಾನು ಜೀವಮಾನದಲ್ಲಿ ಇಂಥದ್ದು ನೋಡಿಲ್ಲ. ಯಾರಿಗೂ ಒಂದು ಮಾತು ಹೇಳಿಲ್ಲ ಅವಳು."

10.50ಕ್ಕೆ ಮ್ಯಾಡಕ್ ಅವರನ್ನು ದಸ್ತಗಿರಿ ಮಾಡಲಾಯಿತು. ಬೇಡಿ ತೊಡಿಸಲು ಹೋದ ಪರ್ವಿಸನಿಗೆ ಬೆಸೆರಾ ಕಣ್ಣಲ್ಲೇ ಬೇಡವೆಂದರು. ಅಂದೇ ಸಂಜೆ ಪ್ರಾಸಿಕ್ಯೂಟರ್ ಒಪ್ಪಿಗೆ ಪಡೆದು, ಫೋಟೋ ತೆಗೆದು, ರಸೀದಿ ಬರೆಸಿಕೊಂಡು 2,016 ಕಾರ್ಡುಗಳನ್ನೂ ಠಾಣೆಯಲ್ಲಿ ವರ್ನಾಗೆ ಒಪ್ಪಿಸಲಾಯಿತು.

ಪೆಟ್ಟಿಗೆ ತೆಗೆದುಕೊಂಡವಳು ಹೋಗಲಿಲ್ಲ. "ಒಂದು ನಿಮಿಷ ಮಾತಾಡ್ಲಾ?" ಎಂದು ಕೇಳಿ ಮ್ಯಾಡಕ್ ಎದುರು ಕೂತಳು.

"ನನ್ನನ್ನ ಕೇಳಬಾರದಿತ್ತಾ ಓರಿನ್?"

"ನೀನು ಹೇಳಬಾರದಿತ್ತಾ?"

"ಹೇಳಿದ್ರೆ ಸಮಿತಿ ಸುಮ್ನಿರ್ತಿತ್ತಾ? ಒಪ್ಪಿಗೆ ಇಲ್ಲದ ಕೆಲಸ ಅಂತ ಅಳಿಸಿ ಹಾಕಿಸ್ತಿದ್ರು. ನಾನು ಬಾಗಿಲು ತೆಗೀಲಿಲ್ಲ, ಮುಚ್ಚದೆ ಬಿಟ್ಟೆ ಅಷ್ಟೆ. ಮೇಲೆ ಹೋದ್ಮೇಲೆ ತಾವಾಗೇ ಕೇಳ್ತಾರೆ, ಮುಂದೆ ಹೋಗಬಹುದಾ ಅಂತ. ಆಗ ಹೌದು ಅನ್ನೋಕೆ ಏನಾದ್ರೂ ಇರಬೇಕಲ್ಲ."

ಅವಳು ಹೋದ ಮೇಲೆ ಬೆಸೆರಾ ಹೇಳಿಕೆಯ ಹಾಳೆಯನ್ನು ಟೈಪ್‌ರೈಟರಿಗೆ ಸೇರಿಸಿದರು.

"ಹೇಳಿ ಡಾಕ್ಟ್ರೇ, ಯಾಕೆ ಮಾಡಿದ್ರಿ?"

"ಈ ಹಾಳೆ ಸಮಿತಿಯವರು ನೋಡ್ತಾರಾ?"

"ಕೋರ್ಟಿಗೆ ಹೋದ ಕಾಗದ. ಯಾರು ಬೇಕಾದ್ರೂ ನೋಡಬಹುದು."

ಮ್ಯಾಡಕ್ ಅಂಗಿಯ ತೋಳನ್ನು ತರಚಿದ ಮೊಣಕೈ ಮೇಲೆ ಎಳೆದುಕೊಂಡರು. "ಹಾಗಾದ್ರೆ ಬರ್ಕೊಳ್ಳಿ. ನನ್ನನ್ನ ಮೂಲೆಗೆ ತಳ್ಳಿದ್ರು. ಹೆಂಗಸೊಬ್ಬಳ ಪಟ್ಟಿಗೆ ಸಮಿತಿ ಕೊಡೋ ಮರ್ಯಾದೆ ನನಗೆ ಸಿಗಲಿಲ್ಲ. ಹೊಟ್ಟೆಕಿಚ್ಚಿಗೆ ಕದ್ದೆ."

"ಡಾಕ್ಟ್ರೇ, ಹೀಗೆ ಬರೆದ್ರೆ ಜನ ನಿಮ್ಮನ್ನ—"

"ಗೊತ್ತು. ಕಾಗುಣಿತ ತಪ್ಪಿಲ್ಲದೆ ಹೊಡೀರಿ."

ಪರ್ವಿಸ್ ಬಾಯಿ ತೆರೆದ. ಬೆಸೆರಾ ಅವನತ್ತ ನೋಡಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದರು.

ವೇಳಾಪಟ್ಟಿ ಶುಕ್ರವಾರ ಬೆಳಿಗ್ಗೆ 11.20ಕ್ಕೆ ಉಡಾವಣಾ ಕೇಂದ್ರ ಮುಟ್ಟಿತು. ಮೇ ತಿಂಗಳಲ್ಲಿ ನ್ಯಾಯಾಲಯ ಮ್ಯಾಡಕ್ ಅವರನ್ನು ಜೈಲಿಗೆ ಕಳಿಸದೆ ಎರಡು ವರ್ಷ ಸನ್ನಡತೆಯ ಷರತ್ತು ವಿಧಿಸಿತು. ಪ್ರಯೋಗಾಲಯ ಅವರಿಗೆ ಶಾಶ್ವತವಾಗಿ ಗೇಟು ಮುಚ್ಚಿತು. ಮುದಿಗೊಡ್ಡಿನ ಹೊಟ್ಟೆಕಿಚ್ಚು ಎಂದು ಪತ್ರಿಕೆಗಳು ಬರೆದವು. ಹಳೆಯ ಗೆಳೆಯರು ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ದಾಟಿದರು. ಅವರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ಆದರೆ ಪ್ರತಿ ಭಾನುವಾರ ಮಧ್ಯಾಹ್ನ ವರ್ನಾಳ ಹಸಿರು ಕಾರು ಆಲ್ಟಡೀನಾದ ಆ ಮನೆಯ ಮುಂದೆ ನಿಂತಿರುತ್ತದೆಂದು ಗಸ್ತು ಪುಸ್ತಕದಲ್ಲಿ ಪರ್ವಿಸ್ ಒಮ್ಮೆ ಬರೆದಿದ್ದ. ಬೆಸೆರಾ ಅದನ್ನು ಓದಿ, ಠಾಣೆಗೆ ಸಂಬಂಧಪಡದ ವಿಷಯವೆಂದು ಹೊಡೆದುಹಾಕಿದರು.