ಸಮಾಧಾನಿ ಮುರಿದ ಬೋಲ್ಟ್

ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಆರಿಹೋಯಿತು.

ಒಳಗೆ ಅವಳೊಬ್ಬಳೇ. ಮೇಲಿನ ಮಹಡಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಹುಡುಗಿ. ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಮನೆಯಲ್ಲೂ ಕೆಲಸದಲ್ಲೂ ಎಲ್ಲರಿಗೂ ಸಿಡುಕಿ. ಬಾಗಿಲಿಗೆ ಗುದ್ದಿ ಗುದ್ದಿ ಅವಳ ಕೈ ಕೆಂಪಾಯಿತು.

"ಯಾರಾದ್ರೂ ಇದ್ದೀರಾ? ಉಸಿರು ಕಟ್ತಿದೆ..."

"ನಾನಿದ್ದೀನಿ." ಮೇಲಿನಿಂದ ಒಂದು ಗಂಡು ಧ್ವನಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. "ಬಾಗಿಲು ಬಿಟ್ಟು ಹಿಂದೆ ನಿಂತ್ಕೊಳ್ಳಿ. ಏನು ಕೆಲಸ ಮಾಡ್ತೀರಿ ನೀವು?"

"ನಾನಿಲ್ಲಿ ಸಾಯ್ತಿದ್ದೀನಿ, ನಿಮಗೆ ನನ್ನ ಕೆಲಸದ ವಿಚಾರ ಬೇಕಾ?"

"ಬೇಕು, ಹೇಳಿ."

ಅವಳು ಬೈಯುತ್ತಲೇ ಶುರು ಮಾಡಿದಳು. ಕಾಲರ್ ಆಯಿತು, ಜೇಬಾಯಿತು. ಕಾಜಾ ಹೊಲಿಯುವುದಕ್ಕೆ ಬರುವಷ್ಟರಲ್ಲಿ ಲಿಫ್ಟು ಮೆಲ್ಲಗೆ ಇಳಿದು ಬಾಗಿಲು ತೆರೆಯಿತು. ಎದುರಿಗೆ ಗ್ರೀಸ್ ಮೆತ್ತಿದ ಕೈಯ ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲಿಳಿದು ಬರುತ್ತಿದ್ದ.

ಕಟ್ಟಡದವರೆಲ್ಲ ಅವನನ್ನು ಸಮಾಧಾನಿ ಎನ್ನುತ್ತಿದ್ದರು. ಒಳಗೆ ಸಿಕ್ಕಿಕೊಂಡವರಿಗೆ ನಿನ್ನ ಗಾಬರಿ ಕೇಳಿಸಬಾರದು ಎಂದು ಅವನ ಗುರು ಕಲಿಸಿದ್ದನಂತೆ. ಪಾಠ ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ, ಕೆಲಸ ಮಾಡುವಾಗ ಸುತ್ತಿಗೆಯೂ ಸದ್ದು ಮಾಡುತ್ತಿರಲಿಲ್ಲ. ಅವಳಿಗೆ ಆ ಸಮಾಧಾನವೇ ಇಷ್ಟವಾಯಿತು. ಮುಂದಿನ ವರ್ಷವೆಲ್ಲ ಊಟದ ಬಿಡುವು ಇಬ್ಬರದೂ ಒಂದೇ ಮೆಟ್ಟಿಲ ಮೇಲೆ ಕಳೆಯಿತು.

ಅದೇ ಸಮಾಧಾನ ಒಂದು ದಿನ ಅವಳ ಎದೆಗೇ ಇರಿಯಿತು.

"ಮನೇಲಿ ಗಂಡು ನೋಡಿದ್ದಾರೆ," ಅಂದಳು ಅವಳು. "ಮದುವೆಯಾದ್ರೆ ಬೇರೆ ಊರಿಗೆ ಹೋಗ್ಬೇಕು. ಏನು ಹೇಳ್ಲಿ?"

ಅವನು ಬಾಗಿಲ ಚೌಕಟ್ಟಿಗೆ ಬೋಲ್ಟ್ ಬಿಗಿಯುತ್ತಿದ್ದ. ತಿರುಗಿ ನೋಡಲಿಲ್ಲ.

"ನಿನಗೆ ಯಾವುದು ಒಳ್ಳೇದೋ ಅದನ್ನೇ ಮಾಡು."

"ಅಷ್ಟೇನಾ?"

ಟಕ್ ಎಂದಿತು. ಅವನು ಕೈಯಲ್ಲಿದ್ದ ತುಂಡನ್ನು ನೋಡುತ್ತ ನಿಂತ. "ಬೋಲ್ಟ್ ಮುರೀತು. ಬೇರೆ ತರ್ಬೇಕು."

ಬೋಲ್ಟ್‌ಗೆ ಇರುವ ಬೆಲೆಯೂ ನನಗಿಲ್ಲವಲ್ಲ... ಅವಳು ಮನೆಗೆ ಹೋದವಳೇ ಅಮ್ಮನಿಗೆ "ಒಪ್ಪಿಗೆ" ಅಂದುಬಿಟ್ಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಅಮ್ಮ ಆಗಲೇ ಸಂಬಂಧ ತಂದಿದ್ದ ಸೋದರಮಾವನಿಗೆ ಫೋನು ಮಾಡಿದ್ದಳು.

ಆಮೇಲೆ ಅವಳು ಲಿಫ್ಟು ಹತ್ತಲಿಲ್ಲ. ಅವನ ಮುಖ ಕಂಡರೆ ಅಳು ಬರುತ್ತದೆಂದು ಮೆಟ್ಟಿಲಲ್ಲೇ ಓಡಾಡಿದಳು. ಊಟ ರುಚಿಸಲಿಲ್ಲ, ಹೊಲಿದ ತೋಳುಗಳು ಉಲ್ಟಾ ಕೂತವು. ಅವನು ಒಮ್ಮೆ ಕರೆದಿದ್ದರೆ ಸಾಕಿತ್ತು. ಅವನು ಕರೆಯಲಿಲ್ಲ.

ಗಂಡಿನ ಮನೆಯವರು ಬರುವ ಹಿಂದಿನ ದಿನ, ಕೆಳಗಿನಿಂದ ವಾಚ್‌ಮನ್ ತಾತ ಚೀರಿದ್ದು ಕೇಳಿ ಅವಳು ಕೆಳಗೆ ಓಡಿದಳು.

"ಒಂದು ಸದ್ದೂ ಇರ್ಲಿಲ್ಲ ಕಣಮ್ಮ," ತಾತ ತಲೆ ಚಚ್ಚಿಕೊಳ್ಳುತ್ತಿದ್ದ. "ಕೆಲಸ ಮುಗೀತೇನೋ ಅಂತ ಸ್ವಿಚ್ ಹಾಕ್ಬಿಟ್ಟೆ... ಅವನು ಲಿಫ್ಟಿನ ಕೆಳಗಿನ ಗುಂಡೀಲೇ ಇದ್ದ."

ಲಿಫ್ಟಿನ ತಳ ಅವನ ಕಾಲನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಅಗ್ನಿಶಾಮಕದವರು ಇನ್ನೂ ದಾರಿಯಲ್ಲಿದ್ದರು. ಅವಳು ನೆಲಕ್ಕೆ ಬೋರಲು ಮಲಗಿ ಬಾಗಿಲ ಸಂದಿಗೆ ಬಾಯಿಟ್ಟಳು. ಕಿರುಚಬೇಕು ಅನ್ನಿಸಿತು. ಬಾಯಿಂದ ಬಂದದ್ದು ಬೇರೆಯೇ.

"ನಾನಿದ್ದೀನಿ. ಕಾಲು ನೋಡ್ಬೇಡ. ಏನು ರಿಪೇರಿ ಮಾಡ್ತಿದ್ದೆ, ಹೇಳು."

ಕೆಳಗಿನಿಂದ ಬರೀ ನರಳಾಟ. ಆಮೇಲೆ, ಅವಳು ಎಂದೂ ಕೇಳಿರದ ಒಡೆದ ಧ್ವನಿ.

"ಹೋಗ್ಬೇಡ..."

"ಇಲ್ಲೇ ಇದ್ದೀನಲ್ಲ."

"ಆ ಊರಿಗೆ... ಹೋಗ್ಬೇಡ."

ಅವಳ ಕಣ್ಣೀರು ಆ ಕತ್ತಲೆಗೆ ತೊಟ್ಟಿಕ್ಕಿತು. ಧ್ವನಿ ಮಾತ್ರ ನಡುಗಲಿಲ್ಲ. "ಹೋಗಲ್ಲ. ಈಗ ಹೇಳು, ಏನು ರಿಪೇರಿ?"

ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ.

ಎಚ್ಚರವಾದಾಗ ಅವನು ಹೊದಿಕೆಯ ಚಪ್ಪಟೆಯಾದ ಭಾಗವನ್ನೇ ನೋಡುತ್ತಿದ್ದ. ಅವಳು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು.

"ಇನ್ನು ನಾನು ಯಾವ ಏಣಿ ಹತ್ಲಿ? ನೀನು ಮನೆಗೆ ಹೋಗು. ಗಂಡಿನ ಕಡೆಯವರು..."

"ಬೇಡ ಅಂತ ಹೇಳಿ ಬಂದೆ. ಅಮ್ಮ ಮಾತು ಬಿಟ್ಟಿದ್ದಾಳೆ."

ಅವನು ಹೊದಿಕೆಯಿಂದ ಕಣ್ಣು ಕಿತ್ತು ಅವಳತ್ತ ತಿರುಗಿದ. "ಅವತ್ತು ನಿನಗೆ ಭಯಾನೇ ಆಗ್ಲಿಲ್ವಾ? ಎಷ್ಟು ಸಮಾಧಾನವಾಗಿ ಮಾತಾಡ್ದೆ."

ಅವಳು ಬಲಗೈ ಬಿಚ್ಚಿ ತೋರಿಸಿದಳು. ಬಾಗಿಲ ಅಂಚನ್ನು ಅಮುಕಿ ಹಿಡಿದಿದ್ದಕ್ಕೆ ಅಂಗೈ ಉದ್ದಕ್ಕೂ ಸೀಳಿಹೋಗಿತ್ತು. ಹೊಲಿಗೆ ಹಾಕಿದ್ದರು.

ಅವನು ಆ ಗಾಯವನ್ನೇ ನೋಡಿದ.

"ಆ ಬೋಲ್ಟ್ ಯಾಕೆ ಮುರೀತು?" ಅವಳು ಮೆಲ್ಲಗೆ ಕೇಳಿದಳು.

"ಇಷ್ಟು ವರ್ಷದಲ್ಲಿ ನಾನು ಮುರಿದಿದ್ದು ಅದೊಂದೇ ಬೋಲ್ಟ್ ಕಣೇ..." ಅಂದವನು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಅತ್ತುಬಿಟ್ಟ.

ಅವಳು ಸುಮ್ಮನಾಗಿಸಲಿಲ್ಲ. ಗಾಯದ ಕೈಯನ್ನೇ ಅವನ ಕೈಯೊಳಗೆ ಇಟ್ಟಳು.

"ಭಯ ಆಗ್ತಿದೆ," ಅಂದ ಅವನು.

"ನನಗೂ," ಅಂದಳು ಅವಳು. "ಜೋರಾಗೇ ಹೇಳು. ನಾನಿದ್ದೀನಿ."