ಬನ್ನಿಯ ಬುಡಕ್ಕೆ ಒಂದು ತಂಬಿಗೆ ನೀರು

ಎಳೆಯ ಗಾಫ್ ಗಿಡದ ಬುಡ ಒದ್ದೆಯಾಗಿತ್ತು. ಜಾನಿಸ್ ಬೆರಳೊತ್ತಿ ನೋಡಿದಳು. ಹೋದ ಚಳಿಗಾಲದ ನಂತರ ಈ ಬಯಲಿಗೆ ಹನಿ ಮಳೆ ಬಿದ್ದಿರಲಿಲ್ಲ.

"ಯಾರು ನೀರು ಹಾಕಿದ್ದು?"

ಪಕ್ಕದಲ್ಲಿದ್ದ ತರುಣ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. 

ಅವನು ಸುಣ್ಣದಕಲ್ಲಿನ ಕ್ವಾರಿ ಕಂಪನಿಯ ಮೈನಿಂಗ್ ಎಂಜಿನಿಯರ್. ಕಂಪನಿಗೆ ಇನ್ನೊಂದು ಗುಡ್ಡ ಒಡೆಯಬೇಕಿತ್ತು. ಅದಕ್ಕೆ ಬದಲಾಗಿ ಈ ಬಯಲಿಗೆ ಬೇಲಿ ಹಾಕಿ, ಅಬುಧಾಬಿಯ ಸಂರಕ್ಷಣಾ ಟ್ರಸ್ಟಿಗೆ ಶಾಶ್ವತವಾಗಿ ಬಿಟ್ಟುಕೊಡುತ್ತೇವೆ ಎಂದಿತ್ತು. ಟ್ರಸ್ಟಿನ ಷರತ್ತು ಒಂದೇ: ಗಿಡಗಳು ಯಾರ ಹಂಗೂ ಇಲ್ಲದೆ ತಾವಾಗಿಯೇ ಹುಟ್ಟಿ ಬೆಳೆಯುತ್ತಿರಬೇಕು. ಅದನ್ನು ನೋಡಿ ಹೇಳಲು ಟ್ರಸ್ಟ್ ಜಾನಿಸಳನ್ನು ಕಳಿಸಿತ್ತು.

ಇಷ್ಟು ದಿನ ಅವಳು ವಾಸವಿದ್ದ ಕರಾಮದಿಂದ ಜೀಪಿನಲ್ಲಿ ಕರೆತರುವಾಗ ಅವನು ಕನ್ನಡಿಯಲ್ಲಿ ಅವಳನ್ನು ಕದ್ದು ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತ ಅವಳು ಕಿಟಕಿಯತ್ತ ತಿರುಗಿ ನಗುತ್ತಿದ್ದಳು. ಈಗ ಆ ನಗುವಿನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಗಿಡ ತಂದು ನೆಟ್ಟು, ತನ್ನ ಕಣ್ಣಿಗೆ ಮಣ್ಣೆರಚುವ ಕೆಲಸವನ್ನು ಕಂಪನಿ ಇವನಿಗೇ ವಹಿಸಿದ್ದರೆ?

"ಟ್ಯಾಂಕರ್ ತರಿಸಿದ್ದಾ? ಸತ್ಯ ಹೇಳಿ ಮಾರಾಯ್ರೆ. ಇಲ್ಲಾಂದ್ರೆ ಈ ಜಾಗ ಬೇಡ ಅಂತ ಇವತ್ತೇ ಬರೀತೇನೆ. ಖಲಾಸ್."

"ಟ್ಯಾಂಕರ್ ಅಲ್ರೀ. ತಂಬಿಗಿ."

"ಎಂತ ತಂಬಿಗೆ?"

"ನಿನ್ನಿ ದಸರಾ ಇತ್ತಲ್ರೀ. ನೀವು ಗಾಫ್ ಅನ್ನೋದು ನಮ್ಮ ಬನ್ನಿನ. ಬನ್ನಿಗೆ ಹೋಗಿ ಬಂದಿ ಏನೋ ಅಂತ ಅವ್ವ ಫೋನ್ ಮಾಡಿದ್ಲು. ಬಂದು ನೀರು ಹಾಕಿ ಕೈ ಮುಗದೆ. ನಿಮ್ಮ ಸರ್ವೇ ತಲ್ಯಾಗ ಬರಲೇ ಇಲ್ಲ."

ಕಾಂಡದ ಮೇಲೆ ಒಂದು ಬೊಟ್ಟು ಕುಂಕುಮವಿತ್ತು. ಅಷ್ಟಕ್ಕೇ ಅವಳು ನಂಬಲಿಲ್ಲ. ಕರಣೆ ಹಿಡಿದು ಬಯಲಿನುದ್ದಕ್ಕೂ ನಡೆದಳು, ಗಿಡದಿಂದ ಗಿಡಕ್ಕೆ ಬುಡ ಕೆದಕಿ ನೋಡಿದಳು. ಎಲ್ಲ ಕಡೆ ಬೂದಿಯಂಥ ಒಣ ಮಣ್ಣು. ಆದರೂ ತುದಿಗಳಲ್ಲಿ ಹಸಿರು ಚಿಗುರು. ಗುಂಡಿ ತೋಡಿದ ಗುರುತು ಎಲ್ಲೂ ಇಲ್ಲ; ಯಾವುದನ್ನೂ ಯಾರೂ ನೆಟ್ಟಿರಲಿಲ್ಲ.

ಅಲ್ಲೇ ಕಲ್ಲಿನ ಮೇಲೆ ಕೂತು ಕರಣೆಯ ಮಣ್ಣು ಒರೆಸಿದಳು. 

ತರುಣ ನೀರಿನ ಬಾಟಲಿ ಕೊಟ್ಟ. "ಕುಂಕುಮಾನೂ ರಿಪೋರ್ಟಿನಾಗ ಬರೀತೀರೇನ್ರೀ?"

"ಬರೀಲೇಬೇಕು. ಆದ್ರೆ ನಾನಲ್ಲ. ನಮ್ಮ ಆಫೀಸಿನ ಆಶ್ಲೆ ಬಂದು ಮೊದಲಿಂದ ನೋಡಿ ಬರೀತಾಳೆ."

ಅವನ ಮುಖ ಸಪ್ಪಗಾಯಿತು. "ಯಾಕ್ರೀ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನಿಮ್ಮ ಮೇಲೆ ಉಂಟು. ನನ್ನ ಮೇಲೆ ಇಲ್ಲ. ಟ್ಯಾಂಕರ್ ಅಲ್ಲ ಅಂತ ಗೊತ್ತಾದಾಗ ಜಾಗ ಉಳೀತು ಅಂತ ಖುಷಿ ಆದದ್ದಲ್ಲ ನಂಗೆ. ನೀವು ಸುಳ್ಳ ಅಲ್ಲ ಅಂತ ಖುಷಿ ಆಯ್ತು. ಅಂಥವಳು ಸೈನ್ ಹಾಕ್ಬಾರ್ದು."

ಗುಡ್ಡ ಒಡೆಯುವವನಿಗೆ ಇಷ್ಟು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಿವಿಯವರೆಗೂ ಕೆಂಪಾದ. ಗಿಡದ ಕಡೆ ಬಗ್ಗಿದ.

"ಕೀಳ್ಬೇಡಿ!"

"ಬಿದ್ದದ್ದು ತಗೋತೀನ್ರೀ." ಅಂಗೈ ಚಾಚಿದ. ಅದರಲ್ಲಿ ಉಗುರಿಗಿಂತ ಸಣ್ಣ ಎಲೆಗಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ."

"ಇದಕ್ಕೆ ನಾನೆಂತ ಹೇಳ್ಬೇಕು?"

"ಏನೂ ಬ್ಯಾಡ. ತಗೊಂಡ್ರ ಸಾಕು."

ಅವಳು ತೆಗೆದುಕೊಂಡಳು.

ಹಿಂದಿರುಗುವಾಗ ಮುಂದಿನ ಸೀಟಿನಲ್ಲಿ ಕೂತಳು. ಕನ್ನಡಿಗೆ ಕೆಲಸ ಉಳಿಯಲಿಲ್ಲ.